ಊಹಿಸಿ ಬರೆದ ಸಾಲು

ಒಂದು ಹೆಣ್ಣುಮಗುವಿಗೆ ರೋಗ ಇದೆಯೋ ಇಲ್ಲವೋ ಎಂಬುದನ್ನು ನಾನು ಊಹೆಯ ಮೇಲೆ ಬರೆದೆ. ಗೊತ್ತಿದ್ದು ಬರೆದದ್ದಲ್ಲ, ಕೇಳಿ ಬರೆದದ್ದಲ್ಲ — ಕಂಪ್ಯೂಟರಿನ ಮುಂದೆ ಕುಳಿತು, ಹೆದರಿಕೆಯಲ್ಲಿ, ಎರಡು ಹೆಸರುಗಳಲ್ಲಿ ಒಂದನ್ನು ಆರಿಸಿ ಬರೆದೆ. ಊಹೆ ತಪ್ಪಾಗಿತ್ತು. ತಪ್ಪಾಯಿತೆಂದು ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತಾ ಹೋದ ಹಾಗೆ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡೇನು. ನನ್ನ ಬುದ್ಧಿ ನನಗೆ ಗೊತ್ತು.

ನನ್ನ ಹೆಸರು ಸುಮತಿ. ವಯನಾಡು ಜಿಲ್ಲೆಗೂ ನನಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಜಿಲ್ಲೆ ಹುಟ್ಟಿದಾಗ ನಾನು ಅಂಬೆಗಾಲಿಡುತ್ತಿದ್ದೆನಂತೆ. ನಮ್ಮದು ಕಾಟ್ಟಿಕುಳಂನಿಂದ ಬಾವಲಿಗೆ ಹೋಗುವ ದಾರಿಯಲ್ಲಿ ಗದ್ದೆ, ಕಾಫಿ ಇದ್ದ ಜೈನರ ಮನೆ. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲೆಯಾಳ. ಗದ್ದೆಯ ಆಚೆ ಕಾಡಿನ ಅಂಚಿಗೆ ಒಂದು ಹಾಡಿ ಇತ್ತು. ಅಲ್ಲಿಯವರು ತಲೆಮಾರುಗಳಿಂದ ಕಾಡಿನವರು. ನಮ್ಮ ಗದ್ದೆಗೂ ಕೆಲಸಕ್ಕೆ ಬರುತ್ತಿದ್ದರು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರ. ಮಲೆಯಾಳದಲ್ಲಿ ಯಾರಾದರೂ ಗದರಿದರೆ ಸುಮ್ಮನೆ ತಲೆ ತಗ್ಗಿಸಿ ನಿಲ್ಲುತ್ತಿದ್ದವರು ನಮ್ಮ ಅಜ್ಜಿಯ ಜೊತೆ ಮಾತ್ರ ಗಂಟೆಗಟ್ಟಲೆ ಹರಟುತ್ತಿದ್ದರು. ಆ ಹಾಡಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ನಾನು ಮಾಡಿದ್ದು ಸಾಕು.

ನನಗೆ ಕೆಲಸ ಸಿಕ್ಕಿದ್ದೂ ಈ ಕನ್ನಡದಿಂದಲೇ. ಪದವಿ ಮುಗಿಸಿ ಮಾನಂದವಾಡಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿಯುತ್ತಿದ್ದಾಗ, ಧರ್ಮದ ದುಡ್ಡಿನಲ್ಲಿ ನಡೆಯುತ್ತಿದ್ದ ಒಂದು ಸಣ್ಣ ಚಿಕಿತ್ಸಾಲಯದವರು ಹಾಡಿಯವರ ಜೊತೆ ಮಾತನಾಡಬಲ್ಲ ಹುಡುಗಿಯನ್ನು ಹುಡುಕುತ್ತಿದ್ದರು. ಆಗ ನಮ್ಮ ಕಡೆ ಅರಿವಾಳ್ ರೋಗದ ಪರೀಕ್ಷೆ ಶುರುವಾಗಿತ್ತು. ಅರಿವಾಳ್ ಎಂದರೆ ಕುಡುಗೋಲು; ಈ ರೋಗ ಇದ್ದವರ ರಕ್ತದ ಕಣ ದುಂಡಗಿರದೆ ಕುಡುಗೋಲಿನ ಹಾಗೆ ಬಾಗಿರುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಮೂಳೆ ಮೂಳೆಯೂ ನೋಯುತ್ತದೆ. ಹುಟ್ಟಿನಿಂದ ಬರುವುದು. ಗುಣವಾಗುವುದಿಲ್ಲ — ಆದರೆ ಇದೆ ಎಂದು ತಿಳಿದಿದ್ದರೆ ಕಾಪಾಡಿಕೊಳ್ಳಬಹುದು. ಮಾತ್ರೆ ಇದೆ. ತಣ್ಣೀರಲ್ಲಿ ನಿಲ್ಲಬಾರದು, ನೀರು ಚೆನ್ನಾಗಿ ಕುಡಿಯಬೇಕು, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಓಡಬೇಕು. ತಿಳಿದಿರುವುದೇ ಅರ್ಧ ಔಷಧ ಎಂದು ನಮ್ಮ ಡಾಕ್ಟರಮ್ಮ ಹೇಳುತ್ತಿದ್ದರು. ಆ ತಿಳಿಸುವ ಕೆಲಸ ನನ್ನದು.

ಚಿಕಿತ್ಸಾಲಯದಲ್ಲಿ ಇದ್ದದ್ದು ಮೂರೇ ಜನ: ಡಾಕ್ಟರಮ್ಮ, ನರ್ಸ್ ಏಲಿಯಮ್ಮ ಸಿಸ್ಟರ್, ನಾನು. ಮತ್ತೆ ಒಂದು ಕಂಪ್ಯೂಟರ್. ಊರೂರಿನ ರಕ್ತಪರೀಕ್ಷೆಯ ಫಲಿತಾಂಶವೆಲ್ಲ ಅದರೊಳಗೆ ಒಂದು ದೊಡ್ಡ ಪಟ್ಟಿಯಲ್ಲಿತ್ತು. ಒಬ್ಬ ಮನುಷ್ಯನಿಗೆ ಒಂದು ಸಾಲು. ಹೆಸರು, ವಯಸ್ಸು, ಹಾಡಿ, ತಾಯಿಯ ಹೆಸರು, ಫಲಿತಾಂಶ. ಪಟ್ಟಿಗೆ ಸಾಲು ಸೇರಿಸುವುದಕ್ಕೆ, ಇದ್ದ ಸಾಲನ್ನು ತಿದ್ದುವುದಕ್ಕೆ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಒಂದೊಂದು ವಾಕ್ಯ ಬರೆಯಬೇಕು. ಇನ್ಸರ್ಟ್ ಎಂದರೆ ಸೇರಿಸು. ಅಪ್‌ಡೇಟ್ ಎಂದರೆ ತಿದ್ದು. ಯಾರ ಸಾಲು ತಿದ್ದಬೇಕು ಎಂಬುದನ್ನು ವಾಕ್ಯದ ಕೊನೆಯಲ್ಲಿ ಹೇಳಬೇಕು — ಇಂಥ ಹೆಸರಿನವರದ್ದು, ಇಂಥ ತಾಯಿಯ ಮಗುವಿನದ್ದು, ಇಂಥ ಹಾಡಿಯವರದ್ದು. ಹೇಳಿದಷ್ಟನ್ನೇ ಅದು ತಿದ್ದುತ್ತದೆ. ಹೌದಾ, ಖಂಡಿತವಾ ಎಂದು ಕೇಳುವುದಿಲ್ಲ.

ನನಗೆ ಕೈ ಪಳಗುವವರೆಗೆ ಅಸಲು ಪಟ್ಟಿ ಮುಟ್ಟಬಾರದೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅಭ್ಯಾಸಕ್ಕೆಂದೇ ಇನ್ನೊಂದು ಖಾಲಿ ಪಟ್ಟಿ ಮಾಡಿಸಿಕೊಟ್ಟಿದ್ದರು. ನೋಡಲು ಎರಡೂ ಒಂದೇ — ಅದೇ ಕಪ್ಪು ಪರದೆ, ಅದೇ ಹೆಸರಿನ ಕಾಲಂಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಚಿಕ್ಕ ವಾಕ್ಯ, ಅಷ್ಟೇ. ಅಸಲು ಪಟ್ಟಿ ತೆರೆದಾಗ ಸಿಸ್ಟರ್ ಪಕ್ಕದಲ್ಲಿ ಕೂತಿರಬೇಕು ಎಂಬುದು ನಿಯಮ.

ಅಭ್ಯಾಸದ ಪಟ್ಟಿಯಲ್ಲಿ ನಾನು ಆರು ಜನರನ್ನು ಹುಟ್ಟಿಸಿದ್ದೆ. ಬಾಯಿಗೆ ಬಂದ ಹೆಸರು, ಮನಸ್ಸಿಗೆ ಬಂದ ವಯಸ್ಸು. ಹಾಡಿ ಎಂಬ ಕಾಲಮಿನಲ್ಲಿ ಏನು ಬರೆಯುವುದು? ನನಗೆ ಚೆನ್ನಾಗಿ ಗೊತ್ತಿದ್ದ ಹಾಡಿ ಒಂದೇ, ನಮ್ಮ ಗದ್ದೆಯಾಚೆಯದು. ಆರೂ ಜನರನ್ನು ಅಲ್ಲಿಯೇ ಇರಿಸಿದೆ. ಆರೂ ಜನರಿಗೆ ರೋಗ ಕೊಟ್ಟೆ. ಆಮೇಲೆ ಒಂದು ವಾಕ್ಯ ಬರೆದು ಎಲ್ಲರನ್ನೂ ಗುಣಪಡಿಸಿದೆ: ಆ ಹಾಡಿಯವರೆಲ್ಲರ ಫಲಿತಾಂಶವನ್ನು ನಾರ್ಮಲ್ ಮಾಡು. ಆರು ಸಾಲು ಬದಲಾದವು ಎಂದು ಪರದೆ ಹೇಳಿತು. ಮತ್ತೆ ರೋಗ ಕೊಟ್ಟೆ, ಮತ್ತೆ ಗುಣಪಡಿಸಿದೆ. ದಿನಕ್ಕೆ ನಾಲ್ಕು ಸಲ ಇದೇ ಆಟ. ಎಂಥ ಸೊಕ್ಕು ನೋಡಿ — ನನಗೆ ಅದರಲ್ಲಿ ಖುಷಿ ಇತ್ತು. ಬೆರಳು ತಾನಾಗಿ ಆ ವಾಕ್ಯ ಹೊಡೆಯುವಷ್ಟು ರೂಢಿಯಾಗಿಹೋಯಿತು.

ಇಷ್ಟರಲ್ಲಿ ನಿಜವಾದ ಹಾಡಿಯ ಫಲಿತಾಂಶ ಪ್ರಯೋಗಾಲಯದಿಂದ ಬಂದಿತ್ತು. ಮೂವತ್ತೆಂಟು ಜನ. ಸಿಸ್ಟರ್ ಎಲ್ಲವನ್ನೂ ಅಸಲು ಪಟ್ಟಿಗೆ ಸೇರಿಸಿದ್ದರು. ಮುಂದಿನ ಸೋಮವಾರ ಒಬ್ಬೊಬ್ಬರಿಗೂ ಚೀಟಿ ಮುದ್ರಿಸಿ ಹಾಡಿಗೆ ಹೋಗಿ ಕೊಡಬೇಕು. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಕೆಂಚಿ ಬಂದಳು. ಕೆಂಚಿ ನಮ್ಮ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳು. ನನ್ನನ್ನು ಚಿಕ್ಕಂದಿನಿಂದ ಬಲ್ಲವಳು. ಜೊತೆಗೆ ಎಂಟು ವರ್ಷದ ಮಗಳು. ಸಿಸ್ಟರ್ ಊಟಕ್ಕೆ ಹೋಗಿದ್ದರು.

"ಅಮ್ಮಣ್ಣಿ, ಮಕ್ಕಳ ಹೆಸ್ರು ತೆಗ್ದುಬುಟ್ವಿ," ಎಂದಳು ಕೆಂಚಿ. "ನಿಮ್ಮ ಪೆಟ್ಟಿಗೇಲೂ ತೆಗ್ದುಬುಡಿ."

ನನಗೆ ಈ ಪದ್ಧತಿ ಗೊತ್ತಿತ್ತು. ಆ ಹಾಡಿಯಲ್ಲಿ ಮಗು ಮತ್ತೆ ಮತ್ತೆ ಕಾಯಿಲೆ ಬಿದ್ದರೆ ಹಿರಿಯಳೊಬ್ಬಳು ಅದರ ಹೆಸರನ್ನು ತೆಗೆದು ಬೇರೆ ಹೆಸರಿಡುತ್ತಾಳೆ. ಅಂದಿನಿಂದ ಹಳೆಯ ಹೆಸರನ್ನು ಯಾರೂ ಬಾಯಲ್ಲಿ ತರುವುದಿಲ್ಲ. ಕಾಯಿಲೆ ಹಳೆಯ ಹೆಸರಿನವಳನ್ನು ಹುಡುಕಿಕೊಂಡು ಬರುತ್ತದೆ, ಅಂಥವಳು ಇಲ್ಲಿಲ್ಲ ಎಂದು ತಿಳಿದು ಹೋಗುತ್ತದೆ. ಕೆಂಚಿಯ ಮಗಳಿಗೂ, ಕೆಂಚಿಯ ತಂಗಿ ಮಾಸ್ತಿಯ ಮಗಳಿಗೂ ಒಂದೇ ವಯಸ್ಸು, ಇಬ್ಬರಿಗೂ ಆ ವರ್ಷವೆಲ್ಲ ಬಿಟ್ಟೂಬಿಡದ ಜ್ವರ. ಒಂದೇ ದಿನ ಇಬ್ಬರ ಹೆಸರನ್ನೂ ತೆಗೆದಿದ್ದರು.

"ಇವ್ಳು ಈಗ ಬೆಳ್ಳಿ. ಮಾಸ್ತಿ ಮಗಳು ಚಿಕ್ಕಿ. ಹಳೇವು ಅಲ್ಲಿ ಕೂತಿದ್ರೆ ಅದು ನೋಡ್ಕೊಂಡು ಬತ್ತದೆ. ಬಾವಲಿ ಬಸ್ಸು ಈಗ ಬಂದುಬುಡ್ತದೆ, ಬೇಗ ಮಾಡಿ."

ಸಿಸ್ಟರ್ ಬರಲಿ ಎನ್ನಬೇಕಿತ್ತು. ಎನ್ನಲಿಲ್ಲ. ನನಗೆ ಬರುತ್ತದೆ ಎಂದು ತೋರಿಸಿಕೊಳ್ಳುವ ಆಸೆ. ಅಸಲು ಪಟ್ಟಿ ತೆರೆದೆ. ತಾಯಿ ಕೆಂಚಿ ಇರುವ ಸಾಲಿನಲ್ಲಿ ಹೆಸರನ್ನು ಬೆಳ್ಳಿ ಮಾಡು ಎಂದು ಬರೆದೆ. ತಾಯಿ ಮಾಸ್ತಿ ಇರುವ ಸಾಲಿನಲ್ಲಿ ಚಿಕ್ಕಿ. ಹಳೆಯ ಹೆಸರುಗಳನ್ನು ನಾನು ನೋಡಲೇ ಇಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಮತ್ತೆ — ನಿಜ ಹೇಳಬೇಕೆಂದರೆ — ಕೆಂಚಿ ಓದಲು ಬಾರದಿದ್ದರೂ ಪರದೆಯಿಂದ ಮುಖ ತಿರುಗಿಸಿ ನಿಂತಿದ್ದನ್ನು ನೋಡಿ ನನಗೂ ನೋಡಲು ಮನಸ್ಸಾಗಲಿಲ್ಲ. ಒಂದು ಸಾಲು ಬದಲಾಯಿತು. ಮತ್ತೊಂದು ಸಾಲು ಬದಲಾಯಿತು. ಕೆಂಚಿ ಕೈ ಮುಗಿದು ಮಗಳನ್ನು ಎಳೆದುಕೊಂಡು ಬಸ್ಸಿಗೆ ಓಡಿದಳು.

ನಾನು ಬೀಗುತ್ತಾ ಕುಳಿತೆ. ಸಿಸ್ಟರ್ ಊಟ ಮುಗಿಸಿ ಬರಲು ಇನ್ನೂ ಹೊತ್ತಿತ್ತು. ಬೆರಳು ಸುಮ್ಮನಿರಲಿಲ್ಲ — ರೂಢಿಯ ವಾಕ್ಯ ಹೊಡೆಯಿತು. ಆ ಹಾಡಿಯವರೆಲ್ಲರ ಫಲಿತಾಂಶ ನಾರ್ಮಲ್ ಮಾಡು.

ಆರು ಸಾಲು ಬದಲಾದವು ಎಂದು ಬರಬೇಕಿತ್ತು. ಮೂವತ್ತೆಂಟು ಸಾಲು ಬದಲಾದವು ಎಂದು ಬಂತು. ನಾನು ಇನ್ನೂ ಅಸಲು ಪಟ್ಟಿಯಲ್ಲೇ ಇದ್ದೆ.

ಆ ಕ್ಷಣದ ಭಯವನ್ನು ಹೇಗೆ ಹೇಳಲಿ. ಪರದೆಯಲ್ಲಿ ಪಟ್ಟಿ ತೆಗೆದು ನೋಡಿದೆ. ನಾರ್ಮಲ್, ನಾರ್ಮಲ್, ನಾರ್ಮಲ್ — ಕೊನೆಯ ಸಾಲಿನವರೆಗೂ. ನನಗೆ ಗೊತ್ತಿದ್ದ ಮುಖಗಳು. ಹಾಡಿಯ ಯಾರಿಗೂ ರೋಗವಿಲ್ಲ. ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು, ಪರದೆ ಆರಿಸಿದೆ.

"ಎಂತಾ ಸುಮತೀ, ಚೋರು ಉಣ್ಣಲಿಲ್ಲವಾ?" ಎಂದರು ಏಲಿಯಮ್ಮ ಸಿಸ್ಟರ್, ನನ್ನ ಜೊತೆ ಆಡುವ ಅವರ ಅರೆಬರೆ ಕನ್ನಡದಲ್ಲಿ.

ಹಸಿವಿಲ್ಲ ಎಂದೆ. ಅದು ಮಾತ್ರ ಸುಳ್ಳಾಗಿರಲಿಲ್ಲ.

ಇಲ್ಲಿಯವರೆಗಿನದು ಕೈತಪ್ಪು. ಕೈತಪ್ಪಿಗೆ ಯಾರಾದರೂ ಬೈದಾರು, ಕೆಲಸದಿಂದ ಬಿಡಿಸಿಯಾರು, ಮನೆಯಲ್ಲಿ ಅಪ್ಪ ನಾಲ್ಕು ದಿನ ಮಾತು ಬಿಟ್ಟಾರು. ಮುಂದಿನದಕ್ಕೆ ಕೈತಪ್ಪು ಎಂಬ ಹೆಸರಿಲ್ಲ. ಡಾಕ್ಟರಮ್ಮನ ಕಪಾಟಿನಲ್ಲಿ ಒಂದು ಸಿಡಿ ಇತ್ತು. ಪ್ರತಿ ತಿಂಗಳ ಮೊದಲ ದಿನ ಪಟ್ಟಿಯ ನಕಲು ತೆಗೆದು ಅದರಲ್ಲಿ ಇಡುತ್ತಿದ್ದರು. ಹಾಡಿಯ ಮೂವತ್ತೆಂಟು ಸಾಲೂ ಅದರಲ್ಲಿ ಸರಿಯಾಗಿದ್ದವು. ಕೇಳಿದ್ದರೆ ಹತ್ತು ನಿಮಿಷದ ಕೆಲಸ.

ಕೇಳಲು ಹೋದೆ. ಅವರ ಕೋಣೆಯ ಬಾಗಿಲಲ್ಲಿ ನಿಂತೆ. ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದದ್ದು, ಪ್ರಿಂಟರಿನ ರಿಬ್ಬನ್ ಮುಗಿಯುತ್ತಾ ಬಂದಿದೆ ಎಂಬ ಮಾತು. ಸರಿ, ತರಿಸೋಣ ಎಂದರು. ನಾನು ವಾಪಸ್ಸು ಬಂದೆ. ಆ ಹತ್ತು ಹೆಜ್ಜೆ ವಾಪಸ್ಸು ಬಂದದ್ದೇ — ಆಮೇಲಿನದೆಲ್ಲ ಅದರಿಂದಲೇ.

ಪ್ರಯೋಗಾಲಯದಿಂದ ಬಂದಿದ್ದ ಕಾಗದವಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ, ಅದರ ಮರುದಿನ, ಸಿಸ್ಟರ್ ಊಟಕ್ಕೆ ಹೋದಾಗ, ಡಾಕ್ಟರಮ್ಮ ಹೊರಗೆ ಹೋದಾಗ, ಆ ಕಾಗದ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಿದ್ದಿದೆ. ಹೊರಗೆ ಜೀಪಿನ ಸದ್ದಾದರೆ ಪರದೆ ಆರಿಸುತ್ತಿದ್ದೆ. ಕಾಗದದಲ್ಲಿ ಹೆಸರು, ವಯಸ್ಸು, ಹಾಡಿ, ಫಲಿತಾಂಶ ಇತ್ತು. ತಾಯಿಯ ಹೆಸರು ಇರಲಿಲ್ಲ, ಅದನ್ನು ಸಿಸ್ಟರ್ ಕೇಳಿಕೊಂಡು ಕಂಪ್ಯೂಟರಿಗೆ ಮಾತ್ರ ಸೇರಿಸಿದ್ದರು. ಹೆಸರು ನೋಡಿ ಹೊಂದಿಸುತ್ತಾ ಹೋದೆ. ಮೂವತ್ತಾರು ಹೊಂದಿದವು.

ಎರಡು ಹೊಂದಲಿಲ್ಲ. ಪರದೆಯಲ್ಲಿ ಬೆಳ್ಳಿ ಮತ್ತು ಚಿಕ್ಕಿ ಉಳಿದರು. ಕಾಗದದಲ್ಲಿ ಬೇರೆಯೇ ಎರಡು ಹೆಸರು ಉಳಿದವು, ಎರಡಕ್ಕೂ ವಯಸ್ಸು ಎಂಟು. ಒಂದು ಹೆಸರಿನ ಮುಂದೆ ನಾರ್ಮಲ್. ಇನ್ನೊಂದರ ಮುಂದೆ ರೋಗ ಇದೆ ಎಂದು.

ಯಾವ ಹಳೆಯ ಹೆಸರು ಯಾವ ಮಗುವಿನದು? ನಾನೇ ತಿದ್ದಿದ್ದೆ, ನಾನೇ ನೋಡಿರಲಿಲ್ಲ. ಸಿಸ್ಟರಿಗೆ ನೆನಪಿದ್ದರೂ ಇದ್ದೀತು, ಆದರೆ ಕೇಳಿದರೆ ಯಾಕೆ ಎನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಹಾಡಿಗೆ ಹೋದೆ. ಮನೆಯಲ್ಲಿ ಹಲಸಿನ ಹಣ್ಣು ಹೆಚ್ಚಾಗಿತ್ತು, ಅದನ್ನು ಕೊಡುವ ನೆಪ. ಕೆಂಚಿ ಗುಡಿಸಲ ಮುಂದೆ ಶುಂಠಿ ಒಣಹಾಕುತ್ತಿದ್ದಳು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದೆ.

"ಕೆಂಚಿ, ಬೆಳ್ಳಿಗೆ ಮೊದಲಿನ ಹೆಸರು ಏನಿತ್ತು?"

ಅವಳ ಕೈ ನಿಂತಿತು. "ಅದ ಕೇಳ್ಬ್ಯಾಡಿ ಅಮ್ಮಣ್ಣಿ."

"ಆಫೀಸಿಗೆ ಬೇಕಾಗಿತ್ತು."

"ಆಫೀಸಿಗೆ ಬೇಕಾದ್ರೆ ಆಫೀಸೇ ಕಾಡು ದಾಟ್ಕೊಂಡು ಬಂದು ಕೇಳ್ಲಿ," ಎಂದು ನಕ್ಕಳು. ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿದಳು. "ಯಾಕೆ, ಏನಾದ್ರೂ ತಪ್ಪಾಗ್ಯದಾ?"

ಬೇರೇನೂ ಬೇಡವಾಗಿತ್ತು. ಹೌದು, ತಪ್ಪಾಗಿದೆ, ನಿನ್ನ ಮಗಳ ಜೀವದ ವಿಷಯ — ಇಷ್ಟು ಅಂದಿದ್ದರೆ ಸಾಕಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಮಗುವಿನ ಜೀವವಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದು ನೋಡುವ ನೋಟ. ಕೆಂಚಿ ನಮ್ಮ ಗದ್ದೆಗೆ ಬಂದು ಅಪ್ಪನಿಗೆ ಹೇಳಿದರೆ? ಏಲಿಯಮ್ಮ ಸಿಸ್ಟರಿಗೆ ಹೇಳಿದರೆ?

"ಇಲ್ಲ," ಎಂದೆ. "ಸುಮ್ಮನೆ ಕೇಳಿದೆ."

ಹೊರಡುವಾಗ ಇಬ್ಬರು ಮಕ್ಕಳನ್ನೂ ನೋಡಿದೆ. ಬೆಳ್ಳಿ ಸೀಬೆಮರದ ಮೇಲೆ ಕೂತು ಕಾಯಿ ಕಚ್ಚಿ ಕಚ್ಚಿ ಎಸೆಯುತ್ತಿದ್ದಳು. ಚಿಕ್ಕಿ ಒಲೆಯ ಹತ್ತಿರ ಮೊಣಕಾಲು ತಬ್ಬಿಕೊಂಡು ಕೂತಿದ್ದಳು, ಮುಖ ಬಾಡಿತ್ತು. ನಾನು ಡಾಕ್ಟರಲ್ಲ, ನರ್ಸಲ್ಲ. ಆರು ತಿಂಗಳು ಕಂಪ್ಯೂಟರ್ ಕಲಿತವಳು. ಮರ ಹತ್ತಿದವಳಿಗೆ ರೋಗವಿರಲಾರದು, ಒಲೆಯ ಹತ್ತಿರ ಕೂತವಳಿಗೇ ಇರಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಒಪ್ಪಿಸಿಕೊಂಡೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಚಿಕ್ಕಿಯ ಸಾಲು ತಿದ್ದಿದೆ. ಬೆಳ್ಳಿಯ ಸಾಲಿನಲ್ಲಿ ಆಗಲೇ ನಾರ್ಮಲ್ ಇತ್ತು; ಅದನ್ನು ಹಾಗೇ ಬಿಟ್ಟೆ. ಹತ್ತು ಗಂಟೆಗೆ ಚೀಟಿಗಳು ಮುದ್ರಣವಾದವು. ಪ್ರಿಂಟರ್ ಕಿರುಗುಟ್ಟುತ್ತಾ ಒಂದೊಂದು ಚೀಟಿ ಹೊರಹಾಕುತ್ತಿದ್ದಾಗ ನಾನು ಕಿಟಕಿಯ ಕಡೆ ತಿರುಗಿ ನಿಂತಿದ್ದೆ.

ಆ ಚೀಟಿಗಳನ್ನು ಓದಿ ಹೇಳಿದವಳೂ ನಾನೇ. ಕೆಂಚಿ ಬೆಳ್ಳಿಯ ಕೆನ್ನೆ ಹಿಂಡಿ ನಕ್ಕಳು. ಮಾಸ್ತಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ತಿಂಗಳ ಮೊದಲ ದಿನ ಡಾಕ್ಟರಮ್ಮ ಹೊಸ ನಕಲು ತೆಗೆದು ಹಳೆಯ ಸಿಡಿಯನ್ನು ಬಿಸಾಡಿದರು. ಆ ದಿನ ನನಗೆ — ಹೇಳಲು ನಾಚಿಕೆಯಾಗುತ್ತದೆ — ನೆಮ್ಮದಿಯಾಯಿತು. ಇನ್ನು ಸಿಕ್ಕಿಬೀಳುವುದಿಲ್ಲ ಅನ್ನಿಸಿತು.

ಎರಡು ವರ್ಷಕ್ಕೆ ನನಗೆ ಮದುವೆಯಾಯಿತು, ಕೆಲಸ ಬಿಟ್ಟೆ. ಕಾಟ್ಟಿಕುಳಂ ಪೇಟೆಯಲ್ಲಿ ಗಂಡನ ಅಂಗಡಿಯ ಪಕ್ಕದಲ್ಲೇ ಜನರಿಗೆ ಅರ್ಜಿ, ಫಾರಂ ಟೈಪು ಮಾಡಿಕೊಡುವ ಒಂದು ಚಿಕ್ಕ ಕೋಣೆ ಇಟ್ಟುಕೊಂಡೆ. ಹಾಡಿಯ ಸುದ್ದಿ ಅಲ್ಲಿಗೂ ಬರುತ್ತಿತ್ತು. ಚಿಕ್ಕಿಗೆ ಹತ್ತು ತುಂಬಿದ ಮೇಲೆ ಜ್ವರವೆಂಬುದೇ ಇಲ್ಲ, ಕಲ್ಲುಗುಂಡಿನ ಹಾಗಿದ್ದಾಳೆ ಎಂದು ಕೇಳಿದೆ. ಮಾತ್ರೆ ಚೆನ್ನಾಗಿ ಹಿಡಿಸಿದೆ ಎಂದರು ಜನ. ಅವಳಿಗೆ ರೋಗವೇ ಇರಲಿಲ್ಲವೇನೋ ಎಂದು ನನಗೆ ಮೊದಲ ಸಲ ಅನ್ನಿಸಿತು.

ಬೆಳ್ಳಿಗೆ ಹದಿನಾಲ್ಕಾದ ವರ್ಷ, ಏಲಿಯಮ್ಮ ಸಿಸ್ಟರ್ ಬಸ್ಸಿಗೆ ಕಾಯುತ್ತಾ ನನ್ನ ಕೋಣೆಗೆ ಬಂದು ಕೂತರು. ಕೆಂಚಿಯ ಮಗಳು ಚೇಕಾಡಿಗೆ ನಾಟಿಗೆ ಹೋಗಿದ್ದಳಂತೆ. ಮಳೆಯಲ್ಲಿ, ಗದ್ದೆಯ ತಣ್ಣೀರಿನಲ್ಲಿ ಎರಡು ದಿನ ನಿಂತಳಂತೆ. ಮೂರನೆಯ ದಿನ ಸೊಂಟ, ತೊಡೆ ಹಿಡಿದುಕೊಂಡು ಕಿರುಚಾಡಿದಳಂತೆ. ದೊಡ್ಡ ಆಸ್ಪತ್ರೆಗೆ ಒಯ್ದರು. ಹಾಡಿಯ ಹುಡುಗಿಯಲ್ಲವೇ, ಅರಿವಾಳ್ ಇರಬಹುದು ಎಂದು ಅಲ್ಲಿಯವರಿಗೂ ಅನ್ನಿಸಿತ್ತು. ಕೆಂಚಿ ನಮ್ಮ ಚೀಟಿ ತೋರಿಸಿದಳು. ಆರು ವರ್ಷ ಮಡಿಚಿ ಜೋಪಾನವಾಗಿಟ್ಟಿದ್ದ ಚೀಟಿ. ನಾರ್ಮಲ್ ಎಂದಿತ್ತು. ಸರಿ, ವಾತದ ಜ್ವರವೆಂದು ಮದ್ದು ಕೊಟ್ಟು ಕಳಿಸಿದರು.

"ನೋಡಿದ್ರೆ ಅರಿವಾಳ್ ತರಾನೇ," ಎಂದರು ಸಿಸ್ಟರ್. "ಆದ್ರೆ ನಮ್ಮ ಪಟ್ಟಿಯಲ್ಲಿ ಇಲ್ಲ ಅಲ್ಲೋ. ನೀನೇ ಚೀಟಿ ಕೊಟ್ಟದ್ದು, ಓರ್ಮೆ ಉಂಟಾ?"

ನೆನಪಿದೆಯೇ ಎಂದು ಕೇಳಿದರು. ನನಗೆ ನೆನಪಿತ್ತು. ನೆನಪಿಲ್ಲ ಎಂದೆ.

ಮೊದಲ ಸಲದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ನನಗೆ ಆಗಲೇ ಗೊತ್ತಿತ್ತು. ಮೊದಲ ಸಲ ಊಹೆಯಾದರೂ ಇತ್ತು, ಅದು ಸರಿಯೂ ಆಗಬಹುದಿತ್ತು. ಈ ಸಲ ಎಲ್ಲ ತಿಳಿದಿತ್ತು. ಇನ್ನೊಮ್ಮೆ ರಕ್ತ ನೋಡಿ ಸಿಸ್ಟರ್ — ನಾಲ್ಕು ಪದ. ಕಾರಣ ಹೇಳಬೇಕಾಗಿಯೂ ಇರಲಿಲ್ಲ. ಆದರೆ ಒಮ್ಮೆ ನೋಡಿದರೆ ಹಳೆಯದು ಹೇಗೆ ತಪ್ಪಾಯಿತೆಂದು ಹುಡುಕುತ್ತಾರೆ, ಹುಡುಕಿದರೆ... ಗಂಡ, ಅತ್ತೆ, ಪೇಟೆಯ ಜನ. ನನಗೆ ಆಗ ಒಂದು ವರ್ಷದ ಮಗಳಿದ್ದಳು. ಸಿಸ್ಟರ್ ಬಸ್ಸು ಹತ್ತಿ ಹೋದರು. ಅದೇ ಅವರನ್ನು ನಾನು ಕೊನೆಯದಾಗಿ ನೋಡಿದ್ದು. ಮರುವರ್ಷ ಊರಿಗೆ ಹೋದವರು ತಿರುಗಿ ಬರಲಿಲ್ಲ, ಚಿಕಿತ್ಸಾಲಯವೂ ಮುಚ್ಚಿತು.

ಬೆಳ್ಳಿಯ ಸೊಂಟದ ಕೀಲು ಹಾಳಾಯಿತು. ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಪೇಟೆಗೆ ಬಂದಾಗ ಅವಳ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ನನಗೆ ದೂರದಿಂದಲೇ ಗುರುತು ಸಿಗುತ್ತಿತ್ತು. ಕೇಳಿದ ತಕ್ಷಣ ಒಳಗೆ ಹೋಗಿ ಕಾಗದದ ಕಟ್ಟು ಹುಡುಕುವವಳ ಹಾಗೆ ನಿಲ್ಲುತ್ತಿದ್ದೆ. ಅವಳು ನನಗೆ ಏನೂ ಮಾಡಿರಲಿಲ್ಲ. ಸಿಕ್ಕಿದಾಗೆಲ್ಲ ಅಕ್ಕಾ ಎಂದು ನಗುತ್ತಿದ್ದಳು. ಒಬ್ಬ ಕುಂಟುವ ಹುಡುಗಿಯ ನಗುವಿಗೆ ನಾನು ಹುಲಿಗೆ ಹೆದರುವ ಹಾಗೆ ಹೆದರಿದೆ, ವರ್ಷಗಟ್ಟಲೆ. ಅತ್ತ ಚಿಕ್ಕಿಗೆ ನೂಲ್ಪುಳದಿಂದ ಬಂದ ಸಂಬಂಧ ರೋಗದ ಸುದ್ದಿ ಕೇಳಿ ಮುರಿದುಹೋಯಿತು. ಇಲ್ಲದ ರೋಗಕ್ಕೆ ಅವಳು ಇವತ್ತಿಗೂ ಮಾತ್ರೆ ನುಂಗುತ್ತಾಳೆ.

ಕಳೆದ ವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬೆಳ್ಳಿ ನೇರವಾಗಿ ನನ್ನ ಕೋಣೆಯೊಳಗೇ ಬಂದಳು. ನಾನು ಅಡಗುವಷ್ಟರಲ್ಲಿ ಬಾಗಿಲಲ್ಲಿದ್ದಳು. ಕಂಕುಳಲ್ಲಿ ಎಂಟು ತಿಂಗಳ ಗಂಡುಮಗು. ಮಗುವಿಗೆ ಆಧಾರ್ ಮಾಡಿಸಲು ಏನೇನು ಬೇಕು ಎಂದು ಕೇಳಲು ಬಂದಿದ್ದಳು. ಮಗು ಅಳುತ್ತಿತ್ತು, ಸಣ್ಣಗೆ, ಬಿಡದೆ.

"ಮೂರು ದಿನದಿಂದ ಹಿಂಗೇ ಅಕ್ಕಾ. ಕೈ ಮುಟ್ಟಕ್ಕೇ ಬುಡದಿಲ್ಲ."

ಕೈ ನೋಡಿದೆ. ಐದೂ ಬೆರಳು ಬಾತುಕೊಂಡಿದ್ದವು. ಪಾದಗಳೂ. ಚಿಕಿತ್ಸಾಲಯದ ಗೋಡೆಯ ಮೇಲೆ ಅಂಥದೇ ಒಂದು ಚಿತ್ರವಿತ್ತು. ಆ ರೋಗ ಎಳೆಯ ಮಕ್ಕಳಲ್ಲಿ ಮೊದಲು ಕಾಣಿಸುವುದು ಹೀಗೆ ಎಂದು ನಾನೇ ಎಷ್ಟೋ ತಾಯಂದಿರಿಗೆ ತೋರಿಸಿ ಹೇಳಿದ್ದೆ. ಈ ಭಯ ಮೊದಲಿನದ್ದಲ್ಲ. ಮೊದಲಿನ ಭಯದಲ್ಲಿ ನಾನೊಬ್ಬಳೇ ಇದ್ದೆ.

ಆದರೂ ಅವಳಿಗೆ ಅಲ್ಲೇ ಹೇಳಲಿಲ್ಲ. ಇದನ್ನೂ ಬರೆಯಬೇಕು. ಮಗುವನ್ನು ಇವತ್ತೇ ಆಸ್ಪತ್ರೆಗೆ ತೋರಿಸು ಎಂದೆ, ತಡಮಾಡಬೇಡ ಎಂದೆ. ಅಂದೇ ಹೋಗಿದ್ದಳಂತೆ, ಜ್ವರಕ್ಕೆ ಔಷಧಿ ಕೊಟ್ಟಿದ್ದರು. ತಾಯಿಗೆ ಅರಿವಾಳ್ ಇದೆಯೇ ಎಂದು ಕೇಳಿದರಂತೆ. ಇಲ್ಲ, ಚಿಕ್ಕಂದಿನಲ್ಲೇ ಪರೀಕ್ಷೆ ಆಗಿದೆ ಎಂದು ಬೆಳ್ಳಿ ಹೇಳಿ ಬಂದಳು. ಅದು ತಿಳಿದದ್ದು ಮರುದಿನ, ಔಷಧಿಯ ಚೀಟಿಯನ್ನು ನನಗೆ ತೋರಿಸಲು ಅವಳೇ ಬಂದಾಗ. ನನ್ನ ಸುಳ್ಳನ್ನು ಅವಳು ತನ್ನ ಬಾಯಲ್ಲಿ, ತನ್ನ ಮಗುವಿನ ಮೇಲೆ ಹೇಳಿ ಬಂದಿದ್ದಳು.

ಕೋಣೆಗೆ ಬೀಗ ಹಾಕಿ ಅವಳ ಜೊತೆಯಲ್ಲೇ ಹೊರಟೆ. ಬಾವಲಿ ಬಸ್ಸು ಹತ್ತಿದೆವು. ಹಾಡಿಯಲ್ಲಿ ಕೆಂಚಿ ಇದ್ದಳು, ತಲೆ ಬೆಳ್ಳಗಾಗಿದೆ. ಮಾಸ್ತಿಯನ್ನೂ ಚಿಕ್ಕಿಯನ್ನೂ ಕರೆಯಿಸಿದೆ. ಗುಡಿಸಲ ಮುಂದೆ, ಹಗಲು ಬಿಸಿಲಿನಲ್ಲಿ, ಎಲ್ಲರ ಎದುರಿಗೆ ಹೇಳಿದೆ. ತೊದಲಿದೆ, ಮೊದಲಿನದನ್ನು ಕೊನೆಗೆ, ಕೊನೆಯದನ್ನು ಮೊದಲು ಹೇಳಿದೆ. ಸಾಲು, ಪಟ್ಟಿ, ಅಭ್ಯಾಸ ಎಂದರೆ ಅವರಿಗೆ ಏನು ಅರ್ಥವಾಗಬೇಕು? ಚಿಕ್ಕಿಯ ಚೀಟಿ ಬೆಳ್ಳಿಗೆ, ಬೆಳ್ಳಿಯದು ಚಿಕ್ಕಿಗೆ ಕೊಟ್ಟೆ, ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂದೆ. ಅದು ಅರ್ಥವಾಯಿತು.

ಮಾಸ್ತಿ ನೆಲ ನೋಡುತ್ತಾ ಕೂತಳು. ಚಿಕ್ಕಿ ಎದ್ದು ಒಳಗೆ ಹೋದಳು. ಕೆಂಚಿ ನನ್ನ ಕಡೆ ತಿರುಗಿದಳು.

"ಅವತ್ತು ಹಣ್ಣು ಹೊತ್ಕೊಂಡು ಬಂದಿದ್ರಲ್ಲ, ಅದಕ್ಕೇನಾ?"

"ಹೌದು."

"ಮಗೀನ ಜೀವ ಅಂದಿದ್ರೆ ಹೇಳ್ಬುಡ್ತಿದ್ದೆ. ಹೆಸ್ರು ಯಾವ ದೊಡ್ದು." ಮತ್ತೆ ಅಂದಳು, "ತಪ್ಪಾಗ್ಯದಾ ಅಂತ ನಾನೇ ಕೇಳಿದ್ದೆ."

ಕೇಳಿದ್ದಳು. ನಾನು ತಲೆಯಾಡಿಸಿದೆ. ಬೈಯಲಿ ಎಂದು ಕಾದೆ. ಹೊಡೆದಿದ್ದರೂ ನಿಲ್ಲುತ್ತಿದ್ದೆ. ಯಾರೂ ಬೈಯಲಿಲ್ಲ. ಬೆಳ್ಳಿ ಅಷ್ಟು ಹೊತ್ತೂ ಮಗುವಿನ ಬಾತ ಬೆರಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ತಲೆ ಎತ್ತಿದಾಗ ಅವಳ ಮುಖದಲ್ಲಿ ನಾನು ಇಷ್ಟು ವರ್ಷ ಹೆದರಿದ್ದ ಆ ನಗು ಇರಲಿಲ್ಲ.

"ಇವನ್ದು ರಕ್ತ ಎಲ್ಲಿ ನೋಡ್ತಾರೆ?" ಎಂದು ಕೇಳಿದಳು.

ಹೇಳಿದೆ. ಜೀಪು ಕರೆಸಿದೆ. ಬೆಳ್ಳಿ, ಮಗು, ಚಿಕ್ಕಿ, ಕೆಂಚಿ ಹತ್ತಿದರು; ನಾನೂ ಹತ್ತಿದೆ. ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಒಂದು ಫಾರಂ ಕೊಟ್ಟರು: ಮಗುವಿನ ಹೆಸರು, ವಯಸ್ಸು, ತಾಯಿಯ ಹೆಸರು, ತಾಯಿಗೆ ಇರುವ ರೋಗ. ಮಲೆಯಾಳದಲ್ಲಿತ್ತು. ದಿನಾ ಇಂಥ ಹತ್ತು ಫಾರಂ ತುಂಬುವವಳು ನಾನು. ಕೈ ತಾನಾಗಿ ಚಾಚಿತು.

ಬೆಳ್ಳಿ ಫಾರಂ ಹಿಂದಕ್ಕೆ ಎಳೆದುಕೊಂಡಳು. "ನೀವು ಬರೀಬ್ಯಾಡಿ ಅಕ್ಕಾ," ಎಂದಳು, ಸಿಟ್ಟಿಲ್ಲದೆ. ಸಾಲಿನಲ್ಲಿ ನಿಂತಿದ್ದ ಒಬ್ಬ ಅಪರಿಚಿತ ಹೆಂಗಸಿನ ಹತ್ತಿರ ಎಡಗಾಲು ಎಳೆಯುತ್ತಾ ಹೋಗಿ, ಇದನ್ನ ತುಂಬಿಸಿ ಕೊಡ್ತೀರಾ ಎಂದು ಕೇಳಿದಳು.